‘ಗೋಲ್ಡ್’ ಚಲಚ್ಚಿತ್ರದಲ್ಲಿ ಇತಿವೃತ್ತಭಂಗ

ಕೊಡಗಿನಲ್ಲಿ ಹಾಕಿಯಾಟವು ಮನೆತನದ ಮಾನದೊಡನೆ ಬೆಸೆದುಕೊಂಡಿರುವುದು. ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಪಂದ್ಯಾವಳಿಯೇ ಅದಕ್ಕೆ ಸಾಕ್ಷಿ. ಆದಕಾರಣ ಆ ಆಟದ ಚರಿತ್ರೆಯನ್ನೇ ವಸ್ತುವಾಗಿ ಉಳ್ಳ, ರೀಮಾ ಕಾಗ್ತಿಯವರು ನಿರ್ದೇಶಿಸಿದ ‘ಗೋಲ್ಡ್’ (೨೦೧೮) ಎಂಬ ಹಿಂದೀ ಚಿತ್ರದ ಸತ್ಯಾಸತ್ಯವಿಚಾರವು ಆ ನಾಡಿಗೆ ಅಪ್ರಸ್ತುತವಲ್ಲ.

೧೯೪೮ನೆಯ ಆಗಸ್ಟ್ ೧೨ರಂದು ಲಂಡನ್ನಿನ ವೆಂಬ್ಲಿಯಲ್ಲಿ ಭಾರತವು ಬ್ರಿಟನ್ನನ್ನು ೪-೦ ಅಂತರದಿಂದ ಸೋಲಿಸಿ ಒಲಿಂಪಿಕ್ ಸ್ವರ್ಣವನ್ನು ಪಡೆಯಿತು. ಬಲಬೀರ್ ಸಿಂಗರು ಎರಡು, ತ್ರಿಲೋಚನ ಸಿಂಗ್ ಮತ್ತು ಪ್ಯಾಟ್ರಿಕ್ ಜಾನ್ಸೆನ್ ಒಂದೊಂದು ಗೋಲು ಹೊಡೆದರು. ಚಿತ್ರದಲ್ಲಾದರೋ ಭಾರತವು ಪ್ರಯಾಸದಿಂದ ೪-೩ರಲ್ಲಿ ಗೆಲ್ಲುತ್ತದೆ. ನಿಜನಾಯಕರಾದ ಕಿಷನ್ ಲಾಲರ ಹೆಸರೇ ಇಲ್ಲ, ತಪನ್ ದಾಸನೆಂಬ ಕಲ್ಪಿತ ವ್ಯವಸ್ಥಾಪಕನೇ ಸೂತ್ರಧಾರ.

೪-೩ ಎಂಬುದು ವಾಸ್ತವವಾಗಿ ೧೯೮೦ರ ಮಾಸ್ಕೋ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಸ್ಪೇನಿನ ಮೇಲೆ ದೊರೆತ ಜಯದ ಅಂಕ. ಆ ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯನವರಿದ್ದರು.

ರಸಕ್ಕೆ ಪ್ರತಿಕೂಲವಾದ ಇತಿವೃತ್ತವನ್ನು ಬಿಟ್ಟು ಅನ್ಯವನ್ನು ಕಲ್ಪಿಸಲು ಆನಂದವರ್ಧನನು ಕವಿಗೆ ಅನುಮತಿ ಇತ್ತಿದ್ದಾನೆ. ಆದರೆ ಇಲ್ಲಿ ಪ್ರತಿಕೂಲವಾದುದು ಯಾವುದು? ಸ್ವಾತಂತ್ರ್ಯ ಬಂದು ವರ್ಷ ತುಂಬುವ ಮುನ್ನವೇ, ಹಿಂದಿನ ಪ್ರಭುಗಳ ರಾಜಧಾನಿಯಲ್ಲಿ, ಒಂದು ಗೋಲನ್ನೂ ಬಿಟ್ಟುಕೊಡದೆ ಗೆದ್ದುದು ವೀರರಸಕ್ಕೆ ಪೋಷಕವೇ ಹೊರತು ಬಾಧಕವಲ್ಲ. ಚಿತ್ರದ ಕಲ್ಪನೆಯು ಕುತೂಹಲವನ್ನು ಬೆಳೆಸಿ ಆಟಗಾರರ ಪರಾಕ್ರಮವನ್ನು ಕುಗ್ಗಿಸಿದೆ.