ಮಾಳಿಗೆ ಹತ್ತೋರು ಯಾರು?

ಕಳೆದ ಏಪ್ರಿಲ್‌ನಲ್ಲಿ ತೋವಿನಕೆರೆಯ ನಮ್ಮ ಹಳೇ ಮನೆಗೆ ಏಸಿ ಹಾಕಿಸ್ತೀನಿ ಅಂತ ಅಮ್ಮನಿಗೆ ಹೇಳಿದೆ. "ಹಾಕ್ಸಪ್ಪಾ. ಅದ್ಕೂ ಮೊದ್ಲು ಮಾಳಿಗೆ ಸೋರೋದು ನಿಲ್ಸು. ನಿಮ್ಮಪ್ಪ ಹೋದ್ಮೇಲೆ ಒಬ್ರೂ ಮೇಲಕ್ಕೆ ಹತ್ತಿಲ್ಲ" ಅಂದ್ಲು.

ನಮ್ಮದು ಎರಡು ಕಾಲದ ಮನೆ. ಮುಂದಿನ ಭಾಗ ಮುತ್ತಜ್ಜನ ಕಾಲದ ಮಣ್ಣಿನ ಮಾಳಿಗೆ. ಹಿಂದಿನ ಎರಡು ರೂಮು ತೊಂಬತ್ತರ ದಶಕದಲ್ಲಿ ಅಪ್ಪ ಮೋಲ್ಡ್ ಹಾಕಿಸಿ ಕಟ್ಟಿಸಿದ್ದು. ಆಗ ಮೋಲ್ಡ್ ಮನೆ ಅಂದ್ರೆ ಊರಲ್ಲಿ ಒಂದು ತೂಕ. ಆದರೆ ಬೇಸಿಗೆ ರಾತ್ರಿ ಎಲ್ಲರೂ ಚಾಪೆ ಸುತ್ತಿಕೊಂಡು ಬರುತ್ತಿದ್ದದ್ದು ಮುಂದಿನ ಪಡಸಾಲೆಗೇ. ಮೋಲ್ಡ್ ಹಾಕಿಸಿದ ಅಪ್ಪನೂ ಸೇರಿ!

ಕಾರಣ ಸರಳ. ನಾಲ್ಕೈದು ಇಂಚಿನ ಕಾಂಕ್ರೀಟು ಮಧ್ಯಾಹ್ನದ ಬಿಸಿಲನ್ನು ಕುಡಿದು ಸಂಜೆ ಹೊತ್ತಿಗೇ ಒಳಗೆ ಕಕ್ಕತೊಡಗುತ್ತದೆ. ಫ್ಯಾನು ಆ ಬಿಸಿಯನ್ನೇ ಮುಖಕ್ಕೆ ತಂದು ಎರಚುತ್ತದೆ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ ದಾಟಿ ಬರುವಷ್ಟರಲ್ಲಿ ಬಿಸಿಲಿನ ಕಾವು ಅರ್ಧ ಕಳೆದಿರುತ್ತದೆ, ಹೊರಗೆ ರಾತ್ರಿಯಾಗಿರುತ್ತದೆ. ನಮ್ಮ ಬಯಲುಸೀಮೆಯ ರಾತ್ರಿ ತಂಪು. ಗವಾಕ್ಷಿ ತೆರೆದಿಟ್ಟರೆ ಬಿಸಿಗಾಳಿ ಮೇಲಿಂದ ಹೋಗಿ, ಬಾಗಿಲಿಂದ ತಣ್ಣನೆ ಗಾಳಿ ಬರುತ್ತದೆ.

ಇಷ್ಟು ಹೇಳಿ "ನಮ್ಮ ಹಿರಿಯರು ಎಷ್ಟು ಜಾಣರು" ಅಂತ ಮುಗಿಸೋದು ಸುಲಭ. ವಾಟ್ಸಾಪಲ್ಲಿ ಅಂಥವು ದಿನಾ ಬರುತ್ತವೆ. ಅವುಗಳಲ್ಲಿ ಬಾರದ ಕಥೆ ಒಂದಿದೆ.

ಮಾಳಿಗೆ ಕಟ್ಟೋ ಕ್ರಮ ಹೀಗೆ. ಕಂಬದ ಮೇಲೆ ತೊಲೆ, ತೊಲೆ ಮೇಲೆ ಜಂತೆ, ಅದರ ಮೇಲೆ ಒತ್ತಾಗಿ ಕಡ್ಡಿ, ಸೊಪ್ಪಿನ ಹಾಸು, ಆಮೇಲೆ ದಪ್ಪಗೆ ಮಣ್ಣು. ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಚೌಳು ಬೆಳೆಗೆ ಬಾರದ ಮಣ್ಣು. ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ನೀರು ಇಂಗೋದಿಲ್ಲ. ಹೊಲದಲ್ಲಿ ರೈತ ಬೈಯುವ ಗುಣವೇ ಮಾಳಿಗೆಗೆ ಬೇಕಾದದ್ದು.

ಆದರೆ ಅದು ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ಪ್ರತಿ ವರ್ಷ ಮುಂಗಾರಿಗೆ ಮೊದಲು ಗಾಡಿಯಲ್ಲಿ ಚೌಳು ತಂದು, ಮೇಲಕ್ಕೆ ಹೊತ್ತು, ಹರಡಿ, ದಿಮ್ಮಸಿನಿಂದ ಬಡಿಯಬೇಕು. ಹುಟ್ಟಿದ ಹುಲ್ಲು ಕೀಳಬೇಕು, ಇಲಿ ತೋಡಿದ ಬಿಲ ಮುಚ್ಚಬೇಕು, ನೀರು ಹೋಗುವ ದೋಣಿ ಬಿಡಿಸಬೇಕು. ಒಳಗೆ ಗೋಡೆ ಮೆತ್ತೋದು, ನೆಲ ಸಾರಿಸೋದು ಹೆಂಗಸರ ಪಾಲು. ಹತ್ತು ಜನ ಇದ್ದ ಮನೆಯಲ್ಲಿ ಇದು ನಡೆಯಿತು. ನಾವೆಲ್ಲ ಓದಿ ಬೆಂಗಳೂರು ಸೇರಿದೆವು. ಮನೆ ತಂಪಾಗಿದ್ದದ್ದು ಮಣ್ಣಿನಿಂದ ಎಷ್ಟೋ, ಮಾಳಿಗೆ ಹತ್ತುವ ಕಾಲುಗಳಿಂದಲೂ ಅಷ್ಟೇ.

ಇನ್ನು ಬಿಸಿಯ ಕಥೆ. ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ತೆಂಗಿನ ಗರಿ, ಮಟ್ಟೆ. ಅಡುಗೆಮನೆಯಲ್ಲಿ ಸೌದೆ ಒಲೆ. ಹೊಗೆ ಆಡಿದರೆ ತೊಲೆಗೆ ಹುಳ ಬೀಳಲ್ಲ ಅಂತಿದ್ರು. ಅದೇ ಹೊಗೆಯಲ್ಲಿ ನಲವತ್ತು ವರ್ಷ ಊದುಕೊಳವೆ ಹಿಡಿದು ಕೂತ ಅಜ್ಜಿಗೆ ಕೊನೆಯವರೆಗೂ ಕೆಮ್ಮು ಬಿಡಲಿಲ್ಲ.

ಈ ಒಲೆಯ ಬಗ್ಗೆ ತಲೆ ಕೆಡಿಸಿಕೊಂಡವರು ನಮ್ಮ ಜಿಲ್ಲೆಯಲ್ಲೇ ಇದ್ದರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಘಟಕ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸೋದು ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರ. ಹತ್ತಿರದ ಪುರ ಎಂಬ ಹಳ್ಳಿಯಲ್ಲಿ ಮನೆಮನೆಯ ಲೆಕ್ಕ ತೆಗೆದಾಗ ಗೊತ್ತಾಗಿದ್ದು: ಊರು ಬಳಸುವ ಒಟ್ಟು ಶಕ್ತಿಯಲ್ಲಿ ಹತ್ತಕ್ಕೆ ಎಂಟು ಪಾಲಿಗೂ ಹೆಚ್ಚು ಸೌದೆ. ಆ ಸೌದೆಯಲ್ಲಿ ಹೆಚ್ಚಿನದು ಅಡುಗೆಗೆ, ಉಳಿದದ್ದರಲ್ಲಿ ದೊಡ್ಡ ಪಾಲು ಸ್ನಾನದ ನೀರಿಗೆ.

ಅಲ್ಲಿಂದ ಹುಟ್ಟಿದ್ದು ಅಸ್ತ್ರ ಒಲೆ. ಒಂದೇ ಉರಿಗೆ ಮೂರು ಪಾತ್ರೆ, ಕೆಳಗೆ ಗಾಳಿಯಾಡುವ ಜಾಲರಿ, ಹೊಗೆ ಹೊರಹಾಕುವ ಕೊಳವೆ. 1980ರ ದಶಕದಲ್ಲಿ ಅದು ರಾಜ್ಯದ ಸಾವಿರಾರು ಮನೆ ಸೇರಿತು. ನೆಂಟರ ಮನೆಯಲ್ಲಿ ನಾನೂ ಕಂಡಿದ್ದೆ. ಆದರೆ ಕೊಳವೆಯಲ್ಲಿ ಮಸಿ ಕಟ್ಟುತ್ತಿತ್ತು, ಆಗಾಗ ತೆಗೆಯಬೇಕಿತ್ತು. ತೆಗೆಯಬೇಕಾದವರು ಹೊಲದಲ್ಲಿ ಇರುತ್ತಿದ್ದರು. ಕಟ್ಟಿಕೊಂಡ ಹೊಗೆ ಮತ್ತೆ ಅಡುಗೆಮನೆಗೇ ತಿರುಗಿತು. ಕೊನೆಗೆ ಗ್ಯಾಸ್ ಬಂದು ಒಲೆ ಮೂಲೆ ಸೇರಿತು. ಅದಕ್ಕೆ ನನಗೆ ಬೇಜಾರಿಲ್ಲ. ಅಜ್ಜಿ ಪಟ್ಟಿದ್ದನ್ನು ಅಮ್ಮ ಪಡಲಿಲ್ಲವಲ್ಲ, ಅಷ್ಟು ಸಾಕು.

ಹಾಗಾಗಿ ಹಳೇ ಮನೆಗೆ ಏನೇ ಹಾಕಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದು. ಮುಂದಿನ ವರ್ಷ ಇದನ್ನು ನೋಡ್ಕೊಳ್ಳೋರು ಯಾರು? ಏಸಿಗೂ ಇದೇ ಪ್ರಶ್ನೆ. ಅದರ ಫಿಲ್ಟರ್ ತೊಳೆಯಬೇಕು, ಗ್ಯಾಸ್ ತುಂಬಿಸಬೇಕು, ಕರೆಂಟ್ ಇರಬೇಕು. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಇದೆ. ಆದರೂ ಸಂಜೆ ಕರೆಂಟ್ ಹೋದರೆ ನಮ್ಮಮ್ಮ ಕೂರೋದು ಅದೇ ಪಡಸಾಲೆಯಲ್ಲಿ.

ಮೇಸ್ತ್ರಿ ಬಂದು ನೋಡಿ, "ಕೆಡವಿ ಮೋಲ್ಡ್ ಹಾಕ್ಸಿ ಸಾರ್, ತಲೆನೋವಿರಲ್ಲ" ಅಂದ. ಒಂದು ರಾತ್ರಿ ಯೋಚಿಸಿ ಬೇಡ ಅಂದೆ. ಹುಳ ತಿಂದ ಎರಡು ತೊಲೆ ಬದಲಾಯಿಸಿದೆವು. ಕೊನೇ ಸಲ ಚೌಳು ತರಿಸಿ ಬಡಿಸಿದೆವು. ಅದರ ಮೇಲೆ ಎರಡಡಿ ಎತ್ತರದಲ್ಲಿ, ನಾಲ್ಕೂ ಕಡೆ ಗಾಳಿಯಾಡುವ ಹಾಗೆ ಬಿಟ್ಟು, ಶೀಟ್ ಹೊದಿಸಿದೆವು. ಈಗ ಮಳೆಯೂ ಬಿಸಿಲೂ ಮಣ್ಣಿಗೆ ನೇರ ತಾಗಲ್ಲ. ಬಚ್ಚಲಿಗೆ ಸೋಲಾರ್ ನೀರು ಬಂತು. ಹಂಡೆ ಅಲ್ಲೇ ಇದೆ, ಮೋಡ ಕವಿದ ದಿನಕ್ಕೆ.

ನೋಡೋಕೆ ಚೆಂದ ಇಲ್ಲ. ಬೀದಿಯಿಂದ ಕೋಳಿ ಫಾರಂ ಥರ ಕಾಣುತ್ತೆ ಅಂತ ತಂಗಿ ನಗ್ತಾಳೆ. ಫೋಟೋ ಹಾಕಿದರೆ ಯಾರೂ ಲೈಕ್ ಕೊಡಲ್ಲ.

ಈ ಮೇನಲ್ಲಿ ಊರಿಗೆ ಹೋದಾಗ ಏಣಿ ಇಟ್ಟು ನಾನೇ ಮೇಲೆ ಹತ್ತಿದೆ. ದೋಣಿಯಲ್ಲಿ ಕಟ್ಟಿದ್ದ ಎಲೆ ತೆಗೆದೆ. ಅರ್ಧ ಗಂಟೆ ಕೆಲಸ. ಕೆಳಗಿಂದ ಅಮ್ಮ ಕೂಗಿದಳು, "ಹುಷಾರಪ್ಪಾ, ಅಂಚಿಗೆ ಹೋಗ್ಬೇಡ."

ಏಸಿಯ ಮಾತು ಆಮೇಲೆ ಇಬ್ಬರೂ ಎತ್ತಿಲ್ಲ.