ವಿಧಾನಸೌಧದ ಬಿಲ್ ಕಟ್ಟಿದ್ದು ಯಾರು?

ಬಿನ್ನಿಪೇಟೆಯ ನನ್ನ ಪುಟ್ಟ ರೂಮಿನಿಂದ ಇನ್ನೊಂದು ಎಪಿಸೋಡ್. ಇಯರ್‌ಫೋನ್ ಹಾಕ್ಕೊಂಡು ನನ್ನ ಜೊತೆ ಮಾಗಡಿ ರೋಡ್ ಸ್ಟೇಷನ್ನಲ್ಲಿ ನೇರಳೆ ಮೆಟ್ರೋ ಹತ್ತಿ. ಅಲ್ಲಿಂದ ನಾಲ್ಕನೇ ಸ್ಟಾಪ್ ವಿಧಾನಸೌಧ.

ಇದನ್ನ ಕಟ್ಟಿಸಿದ್ದು ಯಾರು ಅಂತ ಕೇಳಿದ್ರೆ ಎಲ್ಲರೂ ಕೆಂಗಲ್ ಹನುಮಂತಯ್ಯ ಅಂತಾರೆ. ಆದ್ರೆ ಅವರು ಆರ್ಕಿಟೆಕ್ಟ್ ಅಲ್ಲ, ಲಾಯರ್. 1908ರಲ್ಲಿ ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಕಾನೂನು ಓದಿದವರು. ವಿನ್ಯಾಸ ಮಾಡಿದ ಮುಖ್ಯ ಆರ್ಕಿಟೆಕ್ಟ್ ಬಿ.ಆರ್. ಮಾಣಿಕಂ. ನಾನು ಬಿ.ಕಾಂ ಮುಗಿಸೋವರೆಗೂ ಆ ಹೆಸರನ್ನೇ ಕೇಳಿರಲಿಲ್ಲ.

1951ರ ಜುಲೈ 13ರಂದು ನೆಹರು ಅಡಿಗಲ್ಲು ಇಟ್ಟರು. ಆಗ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ, ಪ್ಲಾನ್ ಸರಳವಾಗಿತ್ತು. 1952ರಲ್ಲಿ ಹನುಮಂತಯ್ಯ ಬಂದ ಮೇಲೆ ಅದು ಪೂರ್ತಿ ಬದಲಾಯ್ತು. ಅದಕ್ಕೊಂದು ಕಥೆ ಹೇಳ್ತಾರೆ. ಬೆಂಗಳೂರಿಗೆ ಬಂದ ರಷ್ಯನ್ನರ ತಂಡವೊಂದು, ಇಲ್ಲಿರೋದೆಲ್ಲ ಯುರೋಪಿನ ಥರದ ಕಟ್ಟಡಗಳೇ, ನಿಮ್ಮದು ಅನ್ನೋದು ಏನೂ ಇಲ್ವಾ ಅಂತ ಕೇಳಿತಂತೆ. ಆ ಮಾತು ಅವರಿಗೆ ನಾಟಿತು. ಎದುರಿಗೇ 1868ರ ಕೆಂಪು ಅಠಾರಾ ಕಚೇರಿ ಇತ್ತಲ್ಲ!

ನಮ್ಮ ದೇವಸ್ಥಾನಗಳ ಶೈಲಿ, ನಮ್ಮ ಕಲ್ಲು ಬೇಕು ಅಂದರು. ಸಾವಿರಾರು ಕೂಲಿಗಳು, ಕಲ್ಲು ಕೆತ್ತುವವರು ದುಡಿದರು, ಅವರ ಜೊತೆ ಜೈಲಿನ ಕೈದಿಗಳೂ. ಮುಂಭಾಗದ 12 ಕಂಬಗಳು ಒಂದೊಂದೂ 40 ಅಡಿ.

ಕಾಮರ್ಸ್ ಓದಿದ ಬುದ್ಧಿ ನೋಡಿ, ಚೆಂದ ಅಂದ ಕೂಡಲೇ ಬಿಲ್ ಎಷ್ಟು ಅಂತ ಕೇಳುತ್ತೆ. ಸುಮಾರು 1.75 ಕೋಟಿ ರೂಪಾಯಿ. ಇವತ್ತು ಆ ದುಡ್ಡಿಗೆ ನಮ್ಮ ಏರಿಯಾದಲ್ಲಿ ಒಂದು ದೊಡ್ಡ ಫ್ಲಾಟ್ ಬರಬಹುದು. ಆದ್ರೆ ಆಗಿನ ಬಡ ರಾಜ್ಯಕ್ಕೆ ಅದು ಭಾರಿ ಮೊತ್ತ. ಜನರ ದುಡ್ಡಲ್ಲಿ ಅರಮನೆ ಯಾಕೆ ಅಂತ ವಿರೋಧಿಗಳು ಕೇಳಿದರು, ತನಿಖೆಯೂ ನಡೀತು.

ಖರ್ಚಿನ ಗಲಾಟೆ ಒಂದು ಕಡೆ, ಪಕ್ಷದ ಒಳಜಗಳ ಇನ್ನೊಂದು ಕಡೆ. ಕನ್ನಡನಾಡು ಒಂದಾಗಬೇಕು ಅಂತ ಅವರು ಹಿಡಿದ ಪಟ್ಟು ಹಳೇ ಮೈಸೂರಿನ ಹಲವು ನಾಯಕರಿಗೆ ಹಿಡಿಸಲಿಲ್ಲ. ಕಟ್ಟಡ ಮುಗಿದ 1956ರಲ್ಲೇ, ಆಗಸ್ಟ್‌ನಲ್ಲಿ, ಹನುಮಂತಯ್ಯ ಕುರ್ಚಿ ಬಿಟ್ಟರು. ನವೆಂಬರ್ 1ಕ್ಕೆ ಏಕೀಕರಣವಾದಾಗ ಮುಖ್ಯಮಂತ್ರಿ ಆಗಿದ್ದು ಎಸ್. ನಿಜಲಿಂಗಪ್ಪ. ತಾನೇ ಕಟ್ಟಿಸಿದ ಸೌಧದಿಂದ ದೊಡ್ಡ ರಾಜ್ಯ ಆಳೋ ಭಾಗ್ಯ ಅವರಿಗೆ ಸಿಗಲಿಲ್ಲ.

ಊರು ಮಾತ್ರ ಅವರನ್ನ ಮರೀಲಿಲ್ಲ. 1962, 1967, 1971, ಮೂರು ಸಲ ಬೆಂಗಳೂರಿನವರು ಅವರನ್ನ ಲೋಕಸಭೆಗೆ ಕಳಿಸಿದರು. ರೈಲ್ವೆ ಮಂತ್ರಿಯೂ ಆದರು. 1977ರಲ್ಲಿ ಸೋತರು, 1980ರಲ್ಲಿ ತೀರಿಕೊಂಡರು.

ಹಾಗಾದ್ರೆ ಲೆಕ್ಕ ಕೇಳಿದವರು ತಪ್ಪಾ? ನನಗೆ ಹಾಗನ್ಸಲ್ಲ. 2005ರಲ್ಲಿ ಪಕ್ಕದಲ್ಲೇ ವಿಕಾಸಸೌಧ ಎದ್ದಾಗ ಅದೇ ರೂಪವನ್ನೇ ಅನುಸರಿಸಿದರು. ಅಂದ್ರೆ ಹನುಮಂತಯ್ಯನವರ ಆಯ್ಕೆ ಗೆದ್ದಿದೆ. ಆದ್ರೂ ಕಟ್ಟಡ ಚೆಂದ ಬಂತು ಅನ್ನೋದು ಲೆಕ್ಕ ಕೊಡದೇ ಇರೋಕೆ ಕಾರಣ ಆಗಲ್ಲ. ನಮ್ಮ ವಾರ್ಡಿನ ರಾಜಕಾಲುವೆಗೂ ಇದೇ ಮಾತು, ಊರಿನ ಫ್ಲೈಓವರಿಗೂ ಇದೇ ಮಾತು.

ಮುಂದಿನ ಸಲ ಯಾರಾದ್ರೂ ವಿಧಾನಸೌಧ ಕಟ್ಟಿದ್ದು ಯಾರು ಅಂದ್ರೆ ಎರಡು ಹೆಸರು ಹೇಳಿ, ಹನುಮಂತಯ್ಯ ಮತ್ತು ಮಾಣಿಕಂ. ಆಮೇಲೆ ಆ ಕಲ್ಲು ಕೆತ್ತಿದ, ಹೆಸರು ಉಳಿಯದ ಕೈಗಳನ್ನೂ ನೆನೀರಿ. ಮತ್ತೆ ಸಿಗೋಣ.