ಬಹುಪದೋಕ್ತಿಯ ಪದಗಳಿಗೆ ಸ್ಥಾನ ದೊರೆತ ಬಗೆ

7 − 3ಯ + 5ಯ² ಎಂಬ ಬಹುಪದೋಕ್ತಿಯ ಅಗ್ರ ಸಹಗುಣಕ ಯಾವುದು? ತರಗತಿಯಲ್ಲಿ ಕೇಳಿದರೆ ಕೆಲವರಾದರೂ 7 ಎನ್ನುತ್ತಾರೆ. ಮೊದಲು ಕಣ್ಣಿಗೆ ಬೀಳುವುದು ಅದೇ ತಾನೆ! ಪದಗಳನ್ನು ಘಾತದ ಇಳಿಕೆ ಕ್ರಮದಲ್ಲಿ ಬರೆದರೆ 5ಯ² − 3ಯ + 7. ಈಗ ಮಹತ್ತಮ ಘಾತ 2, ಅಗ್ರ ಸಹಗುಣಕ 5 ಎಂಬುದು ಸ್ಪಷ್ಟ. ಹೀಗೆ ಕ್ರಮವಾಗಿ ಬರೆಯುವ ರೂಢಿ ನಮ್ಮಲ್ಲಿ ಬಹಳ ಹಳೆಯದು.

ಎರಡನೆಯ ಭಾಸ್ಕರನ (ಜನನ 1114) 'ಬೀಜಗಣಿತ'ದಲ್ಲಿ ದುಂಬಿಗಳ ಲೆಕ್ಕವೊಂದಿದೆ. ಹಿಂಡಿನ ಅರ್ಧದ ವರ್ಗಮೂಲದಷ್ಟು ದುಂಬಿಗಳೂ ಹಿಂಡಿನ 8/9 ಭಾಗವೂ ಹಾರಿಹೋದವು, ಉಳಿದದ್ದು ಎರಡು. ಹಿಂಡನ್ನು 2ಯ² ಎಂದು ಇಟ್ಟುಕೊಂಡರೆ 2ಯ² − 9ಯ = 18 ಎಂದಾಗುತ್ತದೆ. ಅಂದಿನ ಬರವಣಿಗೆ ಹೀಗಿತ್ತು:

ಯಾ ವ 2   ಯಾ 9̇   ರೂ 0
ಯಾ ವ 0   ಯಾ 0   ರೂ 18

'ಯಾ' ಎಂದರೆ ಯಾವತ್-ತಾವತ್, ಅಂದರೆ ಅವ್ಯಕ್ತ ರಾಶಿ. 'ವ' ಎಂದರೆ ವರ್ಗ. 'ರೂ' ಎಂದರೆ ರೂಪ, ಅಂದರೆ ಸ್ಥಿರ ಪದ. ಸಂಖ್ಯೆಯ ಮೇಲಿನ ಚುಕ್ಕೆ ಋಣ ಚಿಹ್ನೆ. ಮೇಲಿನ ಸಾಲು ಎಡಪಕ್ಷ, ಕೆಳಗಿನದು ಬಲಪಕ್ಷ. ಸಜಾತಿ ಪದಗಳು ಒಂದರ ಕೆಳಗೊಂದು ಬರುತ್ತವೆ. ಇಲ್ಲದ ಪದಕ್ಕೂ ಸೊನ್ನೆಯ ಸ್ಥಾನವಿರುವುದನ್ನು ಗಮನಿಸಿ.

ಇದರ ಪ್ರಯೋಜನ ಮುಂದಿನ ಹಂತದಲ್ಲಿ ತಿಳಿಯುತ್ತದೆ. ಭಾಸ್ಕರ ಉದ್ಧರಿಸಿರುವ ಶ್ರೀಧರನ ನಿಯಮದಂತೆ, ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ, ಇಲ್ಲಿ 8ರಿಂದ, ಎರಡೂ ಪಕ್ಷಗಳನ್ನು ಗುಣಿಸಿ, ಯ ಪದದ ಸಹಗುಣಕದ ವರ್ಗವಾದ 81ನ್ನು ಕೂಡಬೇಕು. ಆಗ (4ಯ − 9)² = 225. ಧನ ವರ್ಗಮೂಲ ತೆಗೆದುಕೊಂಡರೆ ಯ = 6; ಹಿಂಡಿನಲ್ಲಿ 72 ದುಂಬಿಗಳು. ಅಗ್ರ ಸಹಗುಣಕವನ್ನು ತಪ್ಪಾಗಿ ಗುರುತಿಸಿದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಘಾತಗಳ ಹೆಸರುಗಳಲ್ಲಿ ಮಾತ್ರ ತೊಡಕಿತ್ತು. ಅಲೆಕ್ಸಾಂಡ್ರಿಯದ ಡಯೋಫಾಂಟಸ್ ಹೆಸರುಗಳನ್ನು ಕೂಡುವ ಕ್ರಮದಲ್ಲಿ ಜೋಡಿಸಿದ. ಅವನ 'ವರ್ಗ-ಘನ' ಐದನೆಯ ಘಾತ (2 + 3). ನಮ್ಮಲ್ಲಿ ಗುಣಿಸುವ ಕ್ರಮವಿತ್ತು. 'ವರ್ಗಘನ' ಆರನೆಯ ಘಾತ (2 × 3). ಹೆಸರು ಒಂದೇ, ಘಾತ ಬೇರೆ! ಬ್ರಹ್ಮಗುಪ್ತ 628ರಲ್ಲೇ ಐದನೆಯ ಘಾತವನ್ನು 'ಪಂಚಗತ' ಎಂದು ಸಂಖ್ಯೆಯಿಂದಲೇ ಹೆಸರಿಸಿದ್ದ.

ಯುರೋಪಿನಲ್ಲಿ ವಿಯೆಟ್ 1591ರಲ್ಲಿ ಸಹಗುಣಕಗಳಿಗೂ ಅಕ್ಷರಗಳನ್ನು ಬಳಸಿದ. ಡೆಕಾರ್ಟ್ 1637ರಲ್ಲಿ ಘಾತವನ್ನು ಅಕ್ಷರದ ಮೇಲೆ ಪುಟ್ಟ ಅಂಕಿಯಾಗಿ ಬರೆದ. ಅಂದಿನಿಂದ ಘಾತವನ್ನು ಹೆಸರಿನಲ್ಲಿ ಹುಡುಕಬೇಕಿಲ್ಲ.

ಆದರೂ ಸೊನ್ನೆಯ ಸ್ಥಾನ ಉಳಿದಿದೆ. ಯ³ − 4ಯ + 1ನ್ನು ಸಂಶ್ಲೇಷಿತ ಭಾಗಾಕಾರಕ್ಕೆ 1, 0, −4, 1 ಎಂದೇ ಬರೆಯಬೇಕು. ಆ 0 ಮರೆತರೆ ಉತ್ತರ ತಪ್ಪುತ್ತದೆ. ಮಾಡಿ ನೋಡಿ.